ಹೊಣೆ ನಿಲ್ಲುವುದು

ಮೆರವಣಿಗೆಯ ಮೇಲೆ ಕಲ್ಲು ಬಿದ್ದ ಮರುದಿನ ಯಾವ ಊರಿನಲ್ಲಾದರೂ ಕೇಳಿಬರುವ ಮೊದಲ ಪ್ರಶ್ನೆ, "ಇದಕ್ಕೆಲ್ಲ ಯಾರು ಹೊಣೆ?" ಅನ್ನುವುದು. ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಈ ಓಣಿಯವರು ಆ ಓಣಿಯತ್ತ ಬೆರಳು ತೋರಿಸುತ್ತಾರೆ, ಆ ಓಣಿಯವರು ಈ ಓಣಿಯತ್ತ. ಟೀವಿಯವರು ಸರಕಾರದತ್ತ ತೋರಿಸಿದರೆ, ಸರಕಾರದವರು ಹೊರಗಿನಿಂದ ಬಂದ ಕಿಡಿಗೇಡಿಗಳತ್ತ ತೋರಿಸುತ್ತಾರೆ. ನಾಲ್ಕು ದಿನ ಕಳೆದರೆ ಪ್ರಶ್ನೆಯೂ ತಣ್ಣಗಾಗುತ್ತದೆ, ಬೆರಳೂ ಕೆಳಗಿಳಿಯುತ್ತದೆ.

ನಾನು ಓದಿದ್ದು ಎಂ.ಕಾಂ., ತತ್ತ್ವಶಾಸ್ತ್ರವಲ್ಲ. ಆದರೆ ಈ 'ಹೊಣೆ' ಅನ್ನುವ ಶಬ್ದದ ಜೊತೆ ಮೂವತ್ತು ವರ್ಷಕ್ಕೂ ಹೆಚ್ಚು ಸಂಸಾರ ಮಾಡಿದವನು. ಈಗ ನಾವು ಹೊಣೆ ಅಂದರೆ ತಪ್ಪು ಅಂತಲೇ ಅರ್ಥ ಮಾಡಿಕೊಳ್ಳುತ್ತೇವೆ. ನಮ್ಮ ಅಜ್ಜಂದಿರ ಕಾಲದಲ್ಲಿ ಹಾಗಿರಲಿಲ್ಲ. 'ಹೊಣೆ ನಿಲ್ಲುವುದು' ಅಂದರೆ ಜಾಮೀನು ನಿಲ್ಲುವುದು. ಸಾಲ ತಿಂದವನು ಒಬ್ಬ, ಹೊಣೆ ನಿಂತವನು ಇನ್ನೊಬ್ಬ. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನ ಬಾಧ್ಯತೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಶಾಖೆಗೆ ಬಂದು ಕಣ್ಣೀರು ಹಾಕಿದ ಜಾಮೀನುದಾರರು ಎಷ್ಟೋ ಮಂದಿ. "ಸಾರ್, ನಾನು ಒಂದು ಪೈಸೆ ಮುಟ್ಟಿದವನಲ್ಲ." ನಿಜ, ಅವರು ಮುಟ್ಟಿದವರಲ್ಲ, ಅವರದ್ದು ತಪ್ಪೂ ಅಲ್ಲ. ಆದರೂ ಕಾಗದದ ಕೆಳಗೆ ಅವರ ರುಜು ಇತ್ತು.

ಇನ್ನೊಂದು ಬಗೆಯವರೂ ಬರುತ್ತಿದ್ದರು. ಒಂದು ಶಾಖೆಯಲ್ಲಿ ವಸೂಲಿಗೆ ಹೋದ ಹುಡುಗರು ಸಾಲಗಾರ ಸಿಗಲಿಲ್ಲವೆಂದು ಅವನ ತಮ್ಮನ ಬೈಕು ಎತ್ತಿಕೊಂಡು ಬಂದರು. ತಮ್ಮ ಯಾವ ಕಾಗದಕ್ಕೂ ರುಜು ಹಾಕಿದವನಲ್ಲ. ಒಂದೇ ಮನೆ, ಒಂದೇ ಅಡ್ಡಹೆಸರು, ಅಷ್ಟೇ. ಬೈಕು ಅದೇ ಸಂಜೆ ವಾಪಸು ಹೋಯಿತು. ಹೋಗಲೇಬೇಕಿತ್ತು.

ಗಲಭೆಯಾದ ಮೇಲೆ ಈ ಎರಡು ಬಗೆಯ ಜನರನ್ನು ನಾವು ಕಲಸಿಬಿಡುತ್ತೇವೆ. ರುಜು ಹಾಕಿದವರು ಮೆಲ್ಲನೆ ಜಾರಿಕೊಳ್ಳುತ್ತಾರೆ, ರುಜು ಹಾಕದ ತಮ್ಮನ ಬೈಕು ಹೋಗುತ್ತದೆ. ಇದನ್ನು ನಾನಿರುವ ಜಾಗದಿಂದಲೇ ಹೇಳಬೇಕು.

ಊರಿನಲ್ಲಿರುವ ನಿಮಗೆ ಬೊರಿವಲಿ ಅಂದರೆ ರೈಲಿನ ಹೆಸರು, ಅಷ್ಟೇ ಇರಬಹುದು. ಪಶ್ಚಿಮ ರೈಲ್ವೆಯಲ್ಲಿ ಉತ್ತರಕ್ಕೆ ಹೋದರೆ ನಮ್ಮ ಮುಂದಿನ ಸ್ಟೇಶನ್ ದಹಿಸರ್. ಅಲ್ಲಿಗೆ ಮುಂಬಯಿ ಮಹಾನಗರಪಾಲಿಕೆಯ ಗಡಿ ಮುಗಿಯಿತು. ಅದರ ಮುಂದಿನದು ಮೀರಾ ರೋಡ್, ಅದು ಠಾಣೆ ಜಿಲ್ಲೆ. ಬಾಡಿಗೆ ಕಟ್ಟಲಾಗದವರು, ಹೊಸದಾಗಿ ಮದುವೆಯಾದವರು ಅತ್ತ ಹೋಗಿ ಮನೆ ಮಾಡಿದರು. ನಮ್ಮ ತುಳು-ಕನ್ನಡದವರೂ ಅಲ್ಲಿ ಬಹಳ ಮಂದಿ ಇದ್ದಾರೆ. ಸ್ಟೇಶನ್ನಿನ ಪೂರ್ವಕ್ಕೆ ನಯಾ ನಗರ, ಹೆಚ್ಚಾಗಿ ಮುಸ್ಲಿಮರು ಇರುವ ಜಾಗ. 1992-93ರ ಗಲಭೆಯ ಮೇಲೆ ಮುಂಬಯಿಯ ಮಿಶ್ರ ಬಡಾವಣೆಗಳನ್ನು ಬಿಟ್ಟು ತಮ್ಮವರ ನಡುವೆ ಇದ್ದರೆ ಸಾಕೆಂದು ಬಂದ ಕುಟುಂಬಗಳೂ ಅಲ್ಲಿವೆ. ಬೊರಿವಲಿಯಿಂದ ಲೋಕಲ್ ಹತ್ತಿದರೆ ಎರಡನೆಯ ಸ್ಟೇಶನ್ನಿಗೆ ಅಲ್ಲಿದ್ದೀರಿ.

2024ರ ಜನವರಿ 21ರ ರಾತ್ರಿ, ಅಯೋಧ್ಯೆಯ ಪ್ರಾಣಪ್ರತಿಷ್ಠೆಯ ಹಿಂದಿನ ದಿನ, ಕೇಸರಿ ಧ್ವಜ ಕಟ್ಟಿಕೊಂಡು ಘೋಷಣೆ ಕೂಗುತ್ತ ನಯಾ ನಗರದಲ್ಲಿ ಹೊರಟ ವಾಹನಗಳನ್ನು ಗುಂಪೊಂದು ಅಡ್ಡಗಟ್ಟಿ ಹೊಡೆಯಿತು. ಗಾಜು ಒಡೆದರು, ಜನರ ಮೇಲೆ ಕೈ ಮಾಡಿದರು. ಪೊಲೀಸರು ಕೆಲವರನ್ನು ಹಿಡಿದರು. ಮುಂದಿನ ದಿನಗಳಲ್ಲಿ ಇನ್ನೊಂದು ಕಡೆಯ ಗುಂಪುಗಳು ಮೀರಾ ರೋಡಿನಲ್ಲಿ ಅಂಗಡಿ, ಟೆಂಪೊಗಳ ಮೇಲೆ ತಿರುಗಿಬಿದ್ದವು. 23ರಂದು ಮೀರಾ-ಭಾಯಂದರ್ ಮಹಾನಗರಪಾಲಿಕೆಯ ಬುಲ್ಡೋಜರ್ ಬಂದು ನಯಾ ನಗರದಲ್ಲಿ ಅನಧಿಕೃತವೆಂದು ಹೇಳಿ ಸುಮಾರು ಹದಿನೈದು ಅಂಗಡಿಗಳ ಮುಂಗಟ್ಟು, ಚಪ್ಪರಗಳನ್ನು ಕೆಡವಿತು.

ಇದರಲ್ಲಿ ಮೊದಲನೆಯ ಮಾತನ್ನು ಯಾವ ಮುಲಾಜೂ ಇಲ್ಲದೆ ಹೇಳಬೇಕು. ಕಲ್ಲು ಎಸೆದವನ ತಪ್ಪು ಕಲ್ಲು ಎಸೆದವನದೇ. ಅವರು ಏನು ಕೂಗಿದರು, ಎಷ್ಟು ಗಟ್ಟಿಯಾಗಿ ಹಾಡು ಹಾಕಿದರು ಅನ್ನುವುದರಿಂದ ಅದರಲ್ಲಿ ರಿಯಾಯಿತಿ ಇಲ್ಲ. ಗಿರಾಕಿ ಬಾಯಿಗೆ ಬಂದಂತೆ ಬೈದನೆಂದು ಕ್ಯಾಶಿಯರ್ ಅವನ ಹಣದಲ್ಲಿ ನೂರು ರೂಪಾಯಿ ಮುರಿದುಕೊಳ್ಳಲಾಗದು. ಸಾರ್ವಜನಿಕ ರಸ್ತೆಯಲ್ಲಿ ಮೆರವಣಿಗೆ ಹೋಗುವ ಹಕ್ಕು ಹಳೆಯದು. 1920ರ ದಶಕದಲ್ಲೇ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ತೀರ್ಮಾನಿಸಿತು. ಮೆಜಿಸ್ಟ್ರೇಟರ ಕಾನೂನುಬದ್ಧ ಆಜ್ಞೆಗೆ ಒಳಪಟ್ಟು, ದಾರಿಯಲ್ಲಿ ಹೋಗುವ ಇತರರ ಹಕ್ಕಿಗೆ ಅಡ್ಡಿ ಬಾರದಂತೆ, ಧಾರ್ಮಿಕ ಮೆರವಣಿಗೆ ಸಾರ್ವಜನಿಕ ರಸ್ತೆಯಲ್ಲಿ ಹೋಗಬಹುದು ಅಂತ. ತಮಾಷೆ ನೋಡಿ, ಇಂದಿಗೂ ಎಲ್ಲರೂ ಎತ್ತಿ ಹೇಳುವ ಆ ಕೇಸು ಹಿಂದೂ-ಮುಸ್ಲಿಮರದ್ದಲ್ಲ. ಶಿಯಾಗಳ ಮೊಹರಂ ಮೆರವಣಿಗೆ ಸುನ್ನಿಗಳ ಮಸೀದಿಯ ಬಳಿ ನಿಲ್ಲುವ ಬಗ್ಗೆ ಎದ್ದ ತಕರಾರು ಅದು.

ಆಮೇಲೆ ಬರುವುದು ಕಷ್ಟದ ಮಾತು. ಕಲ್ಲು ಎಸೆದವನ ನೆರೆಯವನು ಏನು ಕೊಡಬೇಕು?

ಆ ಜನವರಿಯ ಕೊನೆಯಲ್ಲಿ ನಮ್ಮ ಸೊಸೈಟಿಯ ಕಮಿಟಿ ಮೀಟಿಂಗ್ ಇತ್ತು. ನಾನು ಖಜಾಂಚಿ. ನಿವೃತ್ತರನ್ನು ಖಜಾಂಚಿ ಮಾಡುವುದು ಈ ಕಡೆಯ ರಿವಾಜು. ನೀರಿನ ಟ್ಯಾಂಕಿನ ಬಗ್ಗೆ ಸೇರಿದ ಮೀಟಿಂಗಿನಲ್ಲಿ ಒಬ್ಬರು ಸುರಕ್ಷತೆಯ ಮಾತು ಎತ್ತಿದರು. ಆ ಕಡೆಯಿಂದ ಬರುವ ಮೆಕ್ಯಾನಿಕ್, ಬಡಗಿ, ಹಣ್ಣಿನವ, ಹಳೆ ಪೇಪರಿನವ, ಯಾರನ್ನೂ ಗೇಟಿನ ಒಳಗೆ ಬಿಡುವುದು ಬೇಡ ಅಂತ. 'ಆ ಕಡೆ' ಅಂದರೆ ಯಾವ ಕಡೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ, ಎಲ್ಲರಿಗೂ ಗೊತ್ತಾಯಿತು. ನಾನು ಅಂದೆ, "ಆಗಲಿ, ಠರಾವು ಬರೆಯೋಣ. ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು, ಹೆಸರು ಹೇಳಿ. ಮಿನಿಟ್ಸ್ ಬುಕ್ಕಿನಲ್ಲಿ ಯಾರನ್ನು ಬಿಡಬಾರದು, ಯಾಕೆ ಬಿಡಬಾರದು ಅಂತಲೂ ಬರೆಯಬೇಕಲ್ಲ?" ಚೇರ್ಮನ್ನರು ಕನ್ನಡಕ ಒರೆಸಿದರು. ಮಾತು ಎತ್ತಿದವರು, "ಇದನ್ನೆಲ್ಲ ಬರೆಯೋದು ಯಾಕೆ ಸಾಹೇಬ್, ಸುಮ್ನೆ ವಾಚ್‌ಮನ್‌ಗೆ ಹೇಳಿದ್ರೆ ಆಯ್ತು" ಅಂದರು.

ನಮ್ಮ ಕಟ್ಟಡದಲ್ಲಿ ಕುಂದಾಪುರ ಕಡೆಯವರೊಬ್ಬರಿದ್ದಾರೆ. ನಲವತ್ತು ವರ್ಷ ಹೋಟೆಲ್ ನಡೆಸಿ ಈಗ ಮಗನಿಗೆ ಬಿಟ್ಟಿದ್ದಾರೆ. ಮೀಟಿಂಗ್ ಮುಗಿದ ಮೇಲೆ ಲಿಫ್ಟಿನ ಹತ್ತಿರ ನನ್ನನ್ನು ನಿಲ್ಲಿಸಿದರು.

"ನೀವು ಕಾನೂನು ಮಾತಾಡಿದ್ರಿ, ಸರಿ ಮಾರಾಯ್ರೆ. ನನ್ನ ಮಗಳ ಮನೆ ಮೀರಾ ರೋಡು. ಆವತ್ತು ರಾತ್ರಿ ಬಾಗಿಲಿಗೆ ಸೋಫಾ ಅಡ್ಡ ಇಟ್ಟು ಕೂತಿದ್ರು. ಮೊಮ್ಮಗ ಆರು ವರ್ಷದವ, ಈಗ್ಲೂ ರಾತ್ರಿ ಪಟಾಕಿ ಹೊಡೆದ್ರೆ ಎದ್ದು ಕೂತ್ಕೊಳ್ತಾನೆ. ಅದನ್ನು ಯಾವ ಪುಸ್ತಕದಲ್ಲಿ ಬರೀತೀರಿ?"

ಈ ಪ್ರಶ್ನೆಗೆ ನನ್ನಲ್ಲಿ ತಯಾರಾದ ಉತ್ತರ ಇರಲಿಲ್ಲ. ಇದನ್ನು ಬಿಟ್ಟು ಹೊಣೆಯ ಬಗ್ಗೆ ಬರೆದರೆ ಅದು ಬರಿಯ ಉಪದೇಶವಾಗುತ್ತದೆ. ಅವರ ಮೊಮ್ಮಗನ ಹೆದರಿಕೆ ಒಂದು ಸಾಲ. ಯಾರೋ ಅದನ್ನು ತೀರಿಸಲೇಬೇಕು. ಆದರೆ ಹತ್ತು ವರ್ಷದಿಂದ ನಮ್ಮ ಏಸಿ ರಿಪೇರಿಗೆ ಬರುತ್ತಿದ್ದ, ಆ ರಾತ್ರಿ ತನ್ನ ಮನೆಯ ಬಾಗಿಲಿಗೂ ಏನೋ ಅಡ್ಡ ಇಟ್ಟು ಕೂತಿದ್ದ ಮನುಷ್ಯನಿಂದ ಅದನ್ನು ವಸೂಲು ಮಾಡಬಹುದೇ?

ಹೀಗೆ ವಸೂಲು ಮಾಡುವ ವಿದ್ಯೆ ಇಂಗ್ಲಿಷರು ಕಲಿಸಿದ್ದು. 1861ರ ಪೊಲೀಸ್ ಕಾಯಿದೆಯಲ್ಲಿ, ಗಲಭೆಯಾದ ಪ್ರದೇಶಕ್ಕೆ ಹೆಚ್ಚಿನ ಪೊಲೀಸರನ್ನು ಹಾಕಿ ಅದರ ಖರ್ಚನ್ನು ಅಲ್ಲಿನ ನಿವಾಸಿಗಳ ಮೇಲೆ ಹೇರುವ ಅಧಿಕಾರ ಇತ್ತು. ಸ್ವಾತಂತ್ರ್ಯ ಬಂದ ಮೇಲೂ ಅದು ಹೋಗಲಿಲ್ಲ. 1951ರ ಮುಂಬಯಿ ಪೊಲೀಸ್ ಕಾಯಿದೆಯಲ್ಲೂ ಅಂಥದೇ ಕಲಮುಗಳು ಬಂದವು. ರಾಜಸ್ಥಾನ ಸರಕಾರ ಒಮ್ಮೆ ಕೆಲವು ಹಳ್ಳಿಗಳಿಗೆ, ಡಕಾಯಿತರಿಗೆ ಆಸರೆ ಕೊಡುತ್ತಾರೆಂದು, ಇಂಥ ಪೊಲೀಸ್ ಖರ್ಚು ಹೇರಿತು. ಹರಿಜನರಿಗೂ ಮುಸ್ಲಿಮರಿಗೂ ಮಾತ್ರ ವಿನಾಯಿತಿ ಕೊಟ್ಟಿತು. 1960ರಲ್ಲಿ ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ರದ್ದು ಮಾಡಿತು. ಶಾಂತವಾಗಿ ಬದುಕುವವರು ಉಳಿದ ಜಾತಿಗಳಲ್ಲೂ ಇದ್ದಾರಲ್ಲ, ಅವರನ್ನು ಮಾತ್ರ ಜಾತಿ-ಧರ್ಮ ನೋಡಿ ತೆರಿಗೆಗೆ ಹಿಡಿಯುವುದು ಸಂವಿಧಾನದ 15ನೆಯ ಅನುಚ್ಛೇದಕ್ಕೆ ವಿರೋಧ ಅನ್ನುವುದು ಅದರ ಸಾರ. ಆ ತೀರ್ಪನ್ನು ಓದಿದಾಗ ನನಗೆ ಇಷ್ಟವಾದದ್ದು ಒಂದು ಸಂಗತಿ: ಅಲ್ಲಿ ಅನ್ಯಾಯಕ್ಕೆ ಒಳಗಾದವರು ಬಹುಸಂಖ್ಯಾತರು. ಲೆಕ್ಕ ಮಾತ್ರ ಅದೇ. ಜಾತಿ ನೋಡಿ ಬಿಲ್ಲು ಹರಿಯಕೂಡದು, ಬಿಲ್ಲು ಯಾರ ಮನೆಗೇ ಹೋಗಲಿ.

ಬುಲ್ಡೋಜರಿನ ಬಗ್ಗೆ ಸುಪ್ರೀಂ ಕೋರ್ಟು ಮಾತಾಡಿದ್ದು 2024ರ ನವೆಂಬರ್ 13ರಂದು. ಆರೋಪಿ ಅನ್ನುವ ಕಾರಣಕ್ಕೆ ಕಟ್ಟಡ ಕೆಡವಬಾರದು, ಹದಿನೈದು ದಿನ ಮೊದಲು ನೋಟಿಸು ಕೊಡಬೇಕು, ಆದೇಶ ಮೀರಿ ಕೆಡವಿದರೆ ಅಧಿಕಾರಿ ತನ್ನ ಕೈಯಿಂದಲೇ ನಷ್ಟ ಭರಿಸಬೇಕು ಅಂತ. ರಸ್ತೆ, ಫುಟ್‌ಪಾತ್ ಮೇಲಿನ ಅತಿಕ್ರಮಣಕ್ಕೆ ಈ ರಕ್ಷಣೆ ಇಲ್ಲ, ಅದನ್ನೂ ಹೇಳಬೇಕು. ಅತಿಕ್ರಮಣ ತೆಗೆಯಬೇಡಿ ಅನ್ನುವವನು ನಾನಲ್ಲ, ಬೊರಿವಲಿ ಸ್ಟೇಶನ್ ಹೊರಗೆ ನಡೆದು ನೋಡಿದವರಿಗೆ ಅದರ ಕಷ್ಟ ಗೊತ್ತು. ಆದರೆ ವರ್ಷಗಟ್ಟಲೆ ಕಣ್ಣಿಗೆ ಬೀಳದ ಚಪ್ಪರ ಗಲಾಟೆಯಾದ ಎರಡನೆಯ ದಿನವೇ ಕಣ್ಣಿಗೆ ಬಿದ್ದರೆ, ಅದು ಪಾಲಿಕೆಯ ಕೆಲಸವೋ ಸಾಲದ ವಸೂಲಿಯೋ ಅಂತ ಕೇಳುವ ಹಕ್ಕು ತೆರಿಗೆ ಕಟ್ಟುವವನಿಗಿದೆ. ಚಪ್ಪರದ ಯಜಮಾನ ಕಲ್ಲು ಎಸೆದಿದ್ದರೆ ಅವನ ಮೇಲೆ ಕೇಸು ಹಾಕಲಿ. ಎಸೆದಿಲ್ಲವಾದರೆ ಅವನು ಬೈಕು ಕಳಕೊಂಡ ತಮ್ಮ.

ಹಾಗಾದರೆ ಯಾರೂ ಹೊಣೆಯಲ್ಲವೇ? ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಕಾರ್ಲ್ ಯಾಸ್ಪರ್ಸ್ ಅನ್ನುವ ತತ್ತ್ವಜ್ಞಾನಿ 1946ರ ಒಂದು ಪುಸ್ತಕದಲ್ಲಿ ಅದನ್ನು ಬಿಡಿಸಿ ನೋಡಿದರು. ಅಪರಾಧ ಮಾಡಿದವನನ್ನು ಕೋರ್ಟು ನೋಡಿಕೊಳ್ಳುತ್ತದೆ, ಒಂದು ಇಡೀ ಜನಾಂಗವನ್ನು ಅಪರಾಧಿ ಅನ್ನಲಾಗದು. ಆದರೆ ಆ ರಾಜ್ಯದ ಪ್ರಜೆಯಾಗಿದ್ದದ್ದಕ್ಕೆ ತೆರಬೇಕಾದ ಬಾಧ್ಯತೆ ಬೇರೆ, ತನ್ನ ಮನಸ್ಸಿಗೆ ತಾನೇ ಉತ್ತರ ಹೇಳಬೇಕಾದದ್ದು ಇನ್ನೂ ಬೇರೆ. ಇಷ್ಟು ಸೂಕ್ಷ್ಮವೆಲ್ಲ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ನಡೆಯುವುದಿಲ್ಲ. ನಮಗೆ ಅರ್ಥವಾಗುವುದು ಜಾಮೀನು. ಯಾರು ಯಾವುದಕ್ಕೆ ರುಜು ಹಾಕಿದ್ದಾರೆ ಅಂತ ನೋಡಿದರೆ ಹೊಣೆ ತಾನಾಗಿ ಕಾಣುತ್ತದೆ. ಮೆರವಣಿಗೆಗೆ ವರ್ಗಣಿ ಕೊಟ್ಟವನು ಒಂದು ರುಜು ಹಾಕಿದ. (ಇಲ್ಲಿ ಚಂದಾಕ್ಕೆ ವರ್ಗಣಿ ಅನ್ನುತ್ತಾರೆ.) ಪರವಾನಗಿಯ ಅರ್ಜಿಯಲ್ಲಿ ಹೆಸರು ಕೊಟ್ಟವನು ಇನ್ನೂ ದೊಡ್ಡ ರುಜು ಹಾಕಿದ. ಹೊಡೆಯಿರಿ ಬಡಿಯಿರಿ ಅನ್ನುವ ವಿಡಿಯೋವನ್ನು ನಲವತ್ತು ಜನರಿಗೆ ಕಳಿಸಿದವನು ನಲವತ್ತು ರುಜು ಹಾಕಿದ. ತಮ್ಮ ಓಣಿಯ ಹುಡುಗರು ಕಲ್ಲು ಕೂಡಿಸುತ್ತಿರುವುದನ್ನು ಕಂಡು ಬಾಗಿಲು ಹಾಕಿಕೊಂಡ ಹಿರಿಯರದ್ದೂ ಒಂದು ರುಜುವೇ. ಇವರಾರೂ ಕಲ್ಲು ಎಸೆದವರಲ್ಲ. ಆದರೆ ತಮ್ಮ ಕೈಯಾರೆ ಹೊಣೆ ನಿಂತವರು.

ನನ್ನ ಊರು ಭಟ್ಕಳ ತಾಲೂಕು. 1993ರ ಜನವರಿಯಲ್ಲಿ ಮುಂಬಯಿ ಉರಿಯುತ್ತಿದ್ದಾಗ ಊರಿನಿಂದ ಪತ್ರದ ಮೇಲೆ ಪತ್ರ, ಹೇಗಿದ್ದೀರಿ ಅಂತ. ಅದೇ ವರ್ಷ ಏಪ್ರಿಲ್ 1ರಂದು ಭಟ್ಕಳದಲ್ಲಿ ರಾಮನವಮಿಯ ಮೆರವಣಿಗೆಯ ಮೇಲೆ ಕಲ್ಲು ಬಿತ್ತು. ಆಗ ಇಲ್ಲಿನ ಸಹೋದ್ಯೋಗಿಗಳು ನನ್ನನ್ನು ಕೇಳತೊಡಗಿದರು, ನಿಮ್ಮ ಕಡೆ ಹೇಗೆ ಅಂತ. ತಿಂಗಳುಗಟ್ಟಲೆ ಅದು ಆರಲಿಲ್ಲ, ಹದಿನೇಳು ಮಂದಿ ಸತ್ತರು. ಪರಊರಿನಲ್ಲಿರುವವನ ಕಷ್ಟ ಇದು: ಎರಡು ಕಡೆಯ ಸುದ್ದಿಗೂ ಅವನೇ ಉತ್ತರ ಕೊಡಬೇಕು, ಎರಡು ಕಡೆಯೂ ಅವನು ಆ ಹೊತ್ತಿಗೆ ಅಲ್ಲಿರುವುದಿಲ್ಲ.

ಆದರೆ ಭಟ್ಕಳದಲ್ಲೇ ಇನ್ನೊಂದು ಪದ್ಧತಿ ಇದೆ. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. ಚನ್ನಪಟ್ಟಣ ಹನುಮಂತ ದೇವರ ರಥೋತ್ಸವ ನಡೆಯುವುದು ರಾಮನವಮಿಗೆ. ತೇರು ಎಳೆಯುವ ಮೊದಲು ದೇವಸ್ಥಾನದವರು ಊರಿನ ಹಳೆಯ ಮುಸ್ಲಿಂ ಮನೆತನದವರ ಮನೆಗೆ ವಾದ್ಯ ಸಮೇತ ಹೋಗಿ ಆಮಂತ್ರಣ ಕೊಟ್ಟು ಬರುತ್ತಾರೆ. ಪತ್ರಿಕೆಯವರು ಇದನ್ನು ಭಾವೈಕ್ಯ ಅಂತ ಬರೆಯುತ್ತಾರೆ. ನನಗೆ ಆ ಶಬ್ದ ಸ್ವಲ್ಪ ಹೆಚ್ಚಾಯಿತು ಅನ್ನಿಸುತ್ತದೆ. ಅದು ಪ್ರೀತಿಯ ಮಾತಿಗಿಂತ ವ್ಯವಹಾರದ ಮಾತು. ಕರೆದವನು, "ತೇರು ನಿಮ್ಮ ಓಣಿಯ ಮುಂದೆ ಮರ್ಯಾದೆಯಿಂದ ಹೋಗುತ್ತದೆ" ಎಂದು ಹೊಣೆ ನಿಂತ. ಕರೆಸಿಕೊಂಡವನು, "ನಮ್ಮ ಓಣಿಯಿಂದ ಅದಕ್ಕೆ ಏನೂ ಆಗುವುದಿಲ್ಲ" ಎಂದು ಹೊಣೆ ನಿಂತ. ವೀಳ್ಯ ಕೊಟ್ಟು ತೆಗೆದುಕೊಂಡರೆ ನಮ್ಮ ಕಡೆ ಅದು ರುಜುವಿಗಿಂತ ಹೆಚ್ಚು. 1993ರಲ್ಲಿ ಈ ಪದ್ಧತಿ ಊರನ್ನು ಕಾಯಲಿಲ್ಲವಲ್ಲ ಅಂತ ನೀವು ಕೇಳಬಹುದು. ಕಾಯಲಿಲ್ಲ. ಒಂದು ಮನೆಯ ಹೊಣೆ ಇಡೀ ಪೇಟೆಗೆ ಸಾಲದು. ಅಷ್ಟು ದೊಡ್ಡ ಸಾಲಕ್ಕೆ ಒಬ್ಬ ಜಾಮೀನುದಾರ ಸಾಲದೆಂದು ಯಾವ ಮ್ಯಾನೇಜರನಾದರೂ ಹೇಳುತ್ತಾನೆ.

ಜಾಮೀನುದಾರರ ಸಂಖ್ಯೆ ಹೆಚ್ಚಿಸಿ ನೋಡಿದ ಒಂದು ಉದಾಹರಣೆ ನಮ್ಮ ಈ ಕಡೆಯೇ ಇದೆ. ಠಾಣೆ ಜಿಲ್ಲೆಯ ಭಿವಂಡಿ ಮಗ್ಗದ ಊರು. 1970ರ ಮೇ 7ರಂದು ಅಲ್ಲಿ ಶಿವಜಯಂತಿಯ ಮೆರವಣಿಗೆಯಲ್ಲಿ ಗಲಭೆ ಹತ್ತಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುದಿನ ಜಳಗಾಂವದಲ್ಲೂ ಹೊತ್ತಿತು. ನ್ಯಾಯಮೂರ್ತಿ ಡಿ.ಪಿ. ಮದನ್ ಆಯೋಗ ವರ್ಷಗಟ್ಟಲೆ ವಿಚಾರಣೆ ನಡೆಸಿ ದಪ್ಪ ವರದಿ ಕೊಟ್ಟಿತು. 1984ರಲ್ಲಿ ಮತ್ತೆ ಭಿವಂಡಿ ಉರಿಯಿತು. 1988ರಲ್ಲಿ ಸುರೇಶ್ ಖೋಪಡೆ ಅನ್ನುವ ಪೊಲೀಸ್ ಅಧಿಕಾರಿ ಡಿಸಿಪಿ ಆಗಿ ಬಂದು ಮೊಹಲ್ಲಾ ಕಮಿಟಿಗಳನ್ನು ಕಟ್ಟಿದರು. ಶಾಂತಿ ಸಮಿತಿ ನಮ್ಮಲ್ಲೂ ಇರುತ್ತದೆ, ಬಿಳಿ ಅಂಗಿಯ ಮುಖಂಡರು ಠಾಣೆಗೆ ಬಂದು ಚಹಾ ಕುಡಿದು ಹೋಗುತ್ತಾರೆ. ಖೋಪಡೆಯವರದ್ದು ಅದಲ್ಲ. ಒಂದೊಂದು ಮೊಹಲ್ಲಾದಲ್ಲಿ ಎರಡೂ ಧರ್ಮದ ಸಾಮಾನ್ಯರನ್ನು, ಅಂಗಡಿಯವನು, ಮಗ್ಗದವನು ಇಂಥವರನ್ನು, ಆ ಬೀಟಿನ ಪೊಲೀಸರ ಜೊತೆ ಕೂರಿಸಿದರು. ಗಲಾಟೆ ಇಲ್ಲದ ದಿನಗಳಲ್ಲೂ ಅವರು ಸೇರಬೇಕು, ನೀರಿನ ಜಗಳ, ಗಂಡ-ಹೆಂಡಿರ ಜಗಳವನ್ನೂ ಅಲ್ಲೇ ನೋಡಬೇಕು. 1992ರ ಡಿಸೆಂಬರಿನಲ್ಲಿ, 1993ರ ಜನವರಿಯಲ್ಲಿ ಮುಂಬಯಿ ಹೊತ್ತಿ ಉರಿದಾಗ ಅಷ್ಟು ಹತ್ತಿರದ ಭಿವಂಡಿ ಶಾಂತವಾಗಿತ್ತು. ಅದನ್ನು ಕಂಡೇ ಆಮೇಲೆ ಮುಂಬಯಿಯಲ್ಲೂ ಜ್ಯೂಲಿಯೊ ರಿಬೇರೊ, ಸತೀಶ್ ಸಾಹ್ನಿ, ಸುಶೋಭಾ ಬರ್ವೆ ಇವರೆಲ್ಲ ಸೇರಿ ಮೊಹಲ್ಲಾ ಕಮಿಟಿಗಳನ್ನು ನಡೆಸಿದರು. ಇದರಲ್ಲಿ ಪವಾಡವೇನೂ ಇಲ್ಲ. ಯಾರು ಯಾವ ಓಣಿಗೆ ಹೊಣೆ ಅನ್ನುವುದು ಹೆಸರು ಹಿಡಿದು ಗೊತ್ತಿತ್ತು, ಅಷ್ಟೇ.

ಹೆಸರಿಲ್ಲದ ಕಡೆ ಏನಾಗುತ್ತದೆ ಅನ್ನುವುದಕ್ಕೆ ಮುಂಬಯಿಯೇ ಸಾಕ್ಷಿ. ಆ ಎರಡು ತಿಂಗಳಲ್ಲಿ ಸತ್ತವರು 900 ಮಂದಿ. 575 ಮುಸ್ಲಿಮರು, 275 ಹಿಂದೂಗಳು, ಉಳಿದವರು ಇತರರು ಮತ್ತು ಗುರುತು ಸಿಗದವರು. ವಿಚಾರಣೆ ಮಾಡಿದವರು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ, ಬೆಂಗಳೂರಿನಲ್ಲಿ ಹುಟ್ಟಿದವರು. 1996ರ ಜನವರಿಯಲ್ಲಿ ಆಗಿನ ರಾಜ್ಯ ಸರಕಾರ ಆಯೋಗವನ್ನೇ ಮುಚ್ಚಿತು, ಮೇ ತಿಂಗಳಲ್ಲಿ ಮತ್ತೆ ತೆರೆಯಬೇಕಾಯಿತು. 1998ರ ಫೆಬ್ರವರಿಯಲ್ಲಿ ಬಂದ ವರದಿಯಲ್ಲಿ ಇವರು ಎಲ್ಲೂ 'ಜನರು ರೊಚ್ಚಿಗೆದ್ದರು' ಅಂತ ಬರೆದು ಕೈ ತೊಳೆದುಕೊಳ್ಳಲಿಲ್ಲ. ಮಹಾ ಆರತಿಯಿಂದ ಹಿಂದಿರುಗುವ ಗುಂಪುಗಳು ಹಾನಿ ಮಾಡಿದ್ದನ್ನು ಬರೆದರು, ಜೋಗೇಶ್ವರಿಯ ರಾಧಾಬಾಯಿ ಚಾಳಿನಲ್ಲಿ ಹಿಂದೂಗಳನ್ನು ಸುಟ್ಟದ್ದನ್ನೂ ಬರೆದರು, ಪಕ್ಷ ಮತ್ತು ಮುಖಂಡರ ಹೆಸರು ಬರೆದರು, ತಪ್ಪಿದ ಪೊಲೀಸರ ಹೆಸರು ಠಾಣೆ ಸಮೇತ ಬರೆದರು. ಬ್ಯಾಂಕಿನ ಇನ್‌ಸ್ಪೆಕ್ಷನ್ ರಿಪೋರ್ಟು ಹೀಗಿದ್ದರೆ ಮೂರು ತಿಂಗಳಲ್ಲಿ ಪಾಲನಾ ವರದಿ ಕೊಡದ ಮ್ಯಾನೇಜರನಿಗೆ ನಿದ್ದೆ ಇರುವುದಿಲ್ಲ. ಇಲ್ಲಿ ಹೆಸರಿದ್ದವರಲ್ಲಿ ಎಷ್ಟೋ ಮಂದಿ ಬಡ್ತಿ ಪಡೆದು ಪಿಂಚಣಿಯನ್ನೂ ತೆಗೆದುಕೊಂಡರು.

ಕಡೆಗೆ 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟು, ಆ ಗಲಭೆಯಲ್ಲಿ ಸರಕಾರ ಶಾಂತಿ ಕಾಯುವುದರಲ್ಲಿ ಸೋತಿತು, ನೊಂದವರು ಸರಕಾರದಿಂದ ಪರಿಹಾರ ಕೇಳಬಹುದು ಎಂದು ಹೇಳಿತು. ಕಾಣೆಯಾದವರು 168 ಮಂದಿ, ಅವರಲ್ಲಿ 108 ಮಂದಿಯ ಮನೆಯವರಿಗೆ ಮೂವತ್ತು ವರ್ಷವಾದರೂ ಹಣ ಮುಟ್ಟಿರಲಿಲ್ಲ. ಅವರನ್ನು ಹುಡುಕಿ ಎರಡು ಲಕ್ಷ ರೂಪಾಯಿ ಕೊಡಿ, 1999ರ ಜನವರಿಯಿಂದ ಶೇಕಡಾ 9ರ ಬಡ್ಡಿ ಸೇರಿಸಿ ಅಂತ ಆದೇಶವಾಯಿತು. ಹಳೆಯ ಚಾಳಿ, ನಾನು ಲೆಕ್ಕ ಹಾಕಿದೆ. ಸರಳ ಬಡ್ಡಿ ಹಿಡಿದರೂ ತೀರ್ಪಿನ ಹೊತ್ತಿಗೆ ಬಡ್ಡಿಯೇ ನಾಲ್ಕು ಲಕ್ಷ ಮೀರುತ್ತದೆ, ಅಸಲಿನ ಎರಡು ಪಟ್ಟು. ಅದು ಯಾರ ಹಣ? ಕೊಂದವನದ್ದಲ್ಲ, ಕೊಲ್ಲಲು ಬಿಟ್ಟ ಅಧಿಕಾರಿಯದ್ದೂ ಅಲ್ಲ. ಇಲ್ಲಿ ತೆರಿಗೆ ಕಟ್ಟುವ ನನ್ನದು, ಹೋಟೆಲಿನವರದ್ದು, ಏಸಿ ಮೆಕ್ಯಾನಿಕನದ್ದು. ಸಾಲಗಾರ ಓಡಿಹೋದಾಗ ಜಾಮೀನುದಾರ ಕಟ್ಟುವುದು ಹೀಗೆಯೇ. ಇದರ ಬಗ್ಗೆ ನನಗೆ ತಕರಾರಿಲ್ಲ, ಈ ಒಂದು ಹೊಣೆ ನಮ್ಮೆಲ್ಲರದ್ದೂ ಹೌದು. ತಕರಾರಿರುವುದು ಸಾಲಗಾರನನ್ನು ಹುಡುಕುವುದನ್ನೇ ಬಿಟ್ಟದ್ದಕ್ಕೆ.

ಕರ್ನಾಟಕದ್ದು ಬೇರೆಯಲ್ಲ. 2023ರ ಅಕ್ಟೋಬರಿನಲ್ಲಿ ಶಿವಮೊಗ್ಗದ ರಾಗಿಗುಡ್ಡದಲ್ಲಿ ಈದ್ ಮಿಲಾದ್ ಮೆರವಣಿಗೆಯ ಹೊತ್ತಿಗೆ ಕಲ್ಲು. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ, ಎರಡೂ ಧರ್ಮದವರ ಅಂಗಡಿಗಳು ಸುಟ್ಟವು, ಇನ್‌ಸ್ಪೆಕ್ಟರ್ ಒಬ್ಬರು ಅಮಾನತಾದರು. 2025ರ ಸೆಪ್ಟೆಂಬರಿನಲ್ಲಿ ಮದ್ದೂರು. ಪ್ರತಿ ಸಲವೂ ಇಲ್ಲಿ ನನ್ನ ಫೋನಿಗೆ ಊರಿನಿಂದ ವಿಡಿಯೋ ಬರುತ್ತದೆ. ಕಳಿಸಿದವರಿಗೆ ನಾನು ಒಂದೇ ಪ್ರಶ್ನೆ ಬರೆಯುತ್ತೇನೆ: ಅರ್ಜಿಗೆ ರುಜು ಹಾಕಿದ್ದು ಯಾರು, ದಾರಿ ಯಾವುದೆಂದು ಬರೆದಿತ್ತು, ಆ ದಾರಿಯಲ್ಲಿ ಪೊಲೀಸರು ಎಷ್ಟಿದ್ದರು? ಇಬ್ಬರು ನನ್ನನ್ನು ಬ್ಲಾಕ್ ಮಾಡಿದ್ದಾರೆ.

ನಮ್ಮ ಸೊಸೈಟಿಯ ಕತೆ ಮುಗಿದಿರಲಿಲ್ಲ. ಠರಾವು ಬರೆಯಲಿಲ್ಲ, ಆದರೆ ವಾಚ್‌ಮನ್‌ಗೆ ಯಾರೋ ಹೇಳಿದ್ದರು. ಯಾರು ಅಂದರೆ ಅವನೂ ಹೇಳಲಾರ. ಎರಡು ತಿಂಗಳ ಮೇಲೆ ಏಸಿ ಕೆಟ್ಟು ಮೆಕ್ಯಾನಿಕನಿಗೆ ಫೋನ್ ಮಾಡಿದರೆ, "ಸಾಹೇಬ್, ಗೇಟಿಗೆ ನೀವೇ ಬಂದು ಕರಕೊಂಡು ಹೋದರೆ ಬರುತ್ತೇನೆ" ಅಂದ. ಹೋಗಿ ಕರೆತಂದೆ. ಫಿಲ್ಟರು ತೊಳೆಯುತ್ತ ಅವನು ಹೇಳಿದ, ಆ ರಾತ್ರಿ ತಮ್ಮ ಗಲ್ಲಿಯಿಂದ ಯಾರ ಮಕ್ಕಳು ಓಡಿದರೆಂದು ಗಲ್ಲಿಯವರಿಗೆ ಗೊತ್ತು ಅಂತ. "ಮತ್ತೆ ಪೊಲೀಸರಿಗೆ ಹೇಳಬಹುದಿತ್ತಲ್ಲ?" ಅಂದೆ. ಅವನು ಕೈ ಒರೆಸಿಕೊಂಡ. "ಹೇಳಿದ ಮೇಲೂ ನಾನು ಅಲ್ಲೇ ಇರಬೇಕಲ್ಲ ಸಾಹೇಬ್. ಇಲ್ಲಿ ಮನೆ ಬಾಡಿಗೆಗೆ ಕೊಡ್ತಾರಾ?" ನಾನು ಅವನಿಗೆ ಚಹಾ ಕೊಟ್ಟೆ. ಅವನು ಹೇಳಬೇಕಿತ್ತು ಅನ್ನುವುದು ಈಗಲೂ ನನ್ನ ಅಭಿಪ್ರಾಯ. ಆದರೆ ಹೇಳಿದರೆ ಅವನು ತೆರಬೇಕಾದ ಬೆಲೆ, ಮೀಟಿಂಗಿನಲ್ಲಿ ಹೆಸರು ಕೊಡಲು ಹಿಂಜರಿದ ನಮ್ಮವರು ತೆರಬೇಕಾಗಿದ್ದ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಒಬ್ಬನ ಮೌನಕ್ಕೂ ಇನ್ನೊಬ್ಬನ ಮೌನಕ್ಕೂ ಒಂದೇ ದರದ ಬಡ್ಡಿ ಹಾಕಲಾಗದು.

ಕಳೆದ ಸಲ ಸೊಸೈಟಿಯ ಗಣಪತಿಗೆ ಪರವಾನಗಿ ಅರ್ಜಿ ಬಂದಾಗ ಸೆಕ್ರೆಟರಿ ನನ್ನ ಮುಂದೆ ಇಟ್ಟು, "ಇಲ್ಲಿ ಒಂದು ಸಹಿ" ಅಂದರು. ಷರತ್ತುಗಳನ್ನು ಓದಿದೆ, ಗೊರಾಯಿ ಖಾಡಿಗೆ ವಿಸರ್ಜನೆಗೆ ಹೋಗುವ ದಾರಿ, ಹೊತ್ತು, ಧ್ವನಿವರ್ಧಕದ ಮಿತಿ. ನನ್ನ ಜೊತೆ ಇನ್ನೂ ಮೂವರು ರುಜು ಹಾಕಿದರೆ ಹಾಕುತ್ತೇನೆ ಅಂದೆ. ಒಬ್ಬರಿಗೆ ಊರಿಗೆ ಹೋಗುವುದಿತ್ತು, ಇನ್ನೊಬ್ಬರಿಗೆ ಮಗನನ್ನು ಕೇಳಬೇಕಿತ್ತು. ಹೋಟೆಲಿನವರು ಬಂದು ಕನ್ನಡಕ ಹಾಕಿಕೊಂಡು ಮೂರೂ ಪುಟ ಓದಿದರು.

"ಡೀಜೆ ಇಲ್ಲ ಅಂತ ಬರೆದಿದೆಯಲ್ಲ ಮಾರಾಯ್ರೆ."

"ಹೌದು."

"ಹುಡುಗರು ನನ್ನ ತಲೆ ತಿಂತಾರೆ."

"ಅದಕ್ಕೇ ಅಲ್ವಾ ಸಹಿ ಕೇಳೋದು."

ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದರು. ಆಮೇಲೆ ರುಜು ಹಾಕಿ, ದೊಡ್ಡದಾಗಿ ಮೊಬೈಲ್ ನಂಬರನ್ನೂ ಬರೆದು, "ಡೀಜೆ ವಿಷಯ ಹುಡುಗರಿಗೆ ನೀವೇ ಹೇಳಿ, ನಾನು ಹೇಳೋದಿಲ್ಲ" ಅಂತ ಗೊಣಗುತ್ತ ಎದ್ದರು.